ಮಾತಾಡಿದವರು ಹರಿತಾ

ಬೆಳಿಗ್ಗೆ ಹತ್ತೂಕಾಲಿಗೆ ಕಲ್ಯಾಣದುರ್ಗದ ಸೀರೆ ವ್ಯಾಪಾರಿ ತಿಪ್ಪೇರುದ್ರಪ್ಪ ಹಿಂದೂಪುರದ ರೆಕಾರ್ಡಿಂಗ್ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಕ್ಯಾಸೆಟ್ ಇಟ್ಟ. 2003ರ ಆಷಾಢದ ರಿಯಾಯಿತಿ ಮಾರಾಟಕ್ಕೆಂದು ಅಲ್ಲೇ ಮಾಡಿಸಿದ್ದ ಪ್ರಚಾರ ಅದು. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗುತ್ತ ಮೈಕು ಕಟ್ಟಿದ ಆಟೊದಲ್ಲಿ ವಾರವಿಡೀ ಹಳ್ಳಿ ಸುತ್ತಿ ಬಂದಿತ್ತು.

"ಯಾರಪ್ಪ ಈ ಹರಿತಾ?"

ಅಂಗಡಿಯ ಮಾಲೀಕ ಜಯರಾಮಪ್ಪ ಒಳಕೋಣೆಯತ್ತ ನೋಡಿದ. ಮೈಕಿನ ಮುಂದೆ ಕೂತಿದ್ದ ಹುಡುಗಿ ಎದ್ದು ಬಾಗಿಲಿಗೆ ಬಂದಳು. "ನಾನೇ ಸಾವ್ಕಾರ್ರೆ."

"ಕೊನೇಲಿ ನಿನ್ನೆಸರು ಯಾಕಮ್ಮ ಹೇಳ್ದೆ? ಬಂದೋರೆಲ್ಲ ಸೀರೆ ಕೇಳಾಕ್ ಮುಂಚೆ 'ಹರಿತಾ ಎಕ್ಕಡ, ಎಲ್ಲವ್ಳೆ' ಅಂತಾರೆ. ಒಬ್ಬಮ್ಮ ನನ್ ಹೆಂಡ್ರನ್ನೇ ಹರಿತಾ ಅಂದ್ಕಂಡು, ರೇಟು ಇಳ್ಸವ್ವ ಅಂತ ಮುಂದೆ ಕುಂತ್ಬುಟ್ಲು. ಇನ್ನೊಬ್ಬಮ್ಮ, ಹರಿತಾ ಸೀರೆ ನೀಲಿ ಬಣ್ಣದಾಗೆ ಐತಾ ಅಂತಾಳೆ."

"ಬ್ಯಾಡ ಅಂತ ಬಡ್ಕೊಂಡೆ ಕಣಣ್ಣ," ಎಂದ ಜಯರಾಮಪ್ಪ. "ಈಗ್ಲೇ ತೆಗೆಸ್ತೀನಿ."

ಅವನು ಬೇಡವೆಂದದ್ದು ನಿಜ. ಹರಿತಾ ಕೇಳಿರಲಿಲ್ಲ. ಎರಡು ವರ್ಷದಿಂದ ಅವಳ ದನಿ ಕೇಳದ ಊರು ಸುತ್ತಮುತ್ತ ಇರಲಿಲ್ಲ. ಆದರೆ ಅದು ಜಯರಾಮಪ್ಪನ ಕ್ಯಾಸೆಟ್ ಎಂದೇ ಎಲ್ಲರಿಗೂ ಗೊತ್ತು. ತನ್ನೂರು ಗೋರಂಟ್ಲದಿಂದ ಬರುವ ಬಸ್ಸಿನಲ್ಲಿ ಒಂದು ದಿನ ಪಕ್ಕದ ಹೆಂಗಸು ಆ ದನಿಯನ್ನು ಹೊಗಳಿದಾಗ "ಅದು ನಾನೇ ಅಕ್ಕ" ಎಂದಿದ್ದಳು. ಹೆಂಗಸು ನಕ್ಕು ಕಿಟಕಿಯ ಕಡೆ ತಿರುಗಿಕೊಂಡಳು. ಅದರ ಮಾರನೆಯ ದಿನವೇ ತಿಪ್ಪೇರುದ್ರಪ್ಪನ ಪ್ರಚಾರದ ಕೊನೆಗೆ ಎರಡು ಪದ ಸೇರಿದ್ದವು: ಮಾತಾಡಿದವರು ಹರಿತಾ.

"ಜನ ಬಂದ್ರು ಅಂತಾಯ್ತಲ್ಲ ಸಾವ್ಕಾರ್ರೆ," ಎಂದಳು.

"ಬರ್ದೆ ಏನು? ಆಷಾಢದಾಗೆ ಇಷ್ಟು ಜನ ನಾನು ಕಂಡೇ ಇಲ್ಲ. ಅದ್ಕೇ ಬಂದಿರಾದು." ಅವನು ಜೇಬಿನಿಂದ ಹೊಸ ಪ್ರಚಾರದ ಕಾಗದ ತೆಗೆದುಕೊಟ್ಟ. ಶ್ರಾವಣದಿಂದ ಅಂಗಡಿಯ ಹೆಸರು ಹರಿತಾ ಸಿಲ್ಕ್ಸ್. "ಬೋರ್ಡು ಬರೆಯಾಕೆ ಕೊಟ್ಬುಟ್ಟಿವ್ನಿ. ನೀನೇ ಹೇಳು. ಕೊನೇಲಿ ಮಾತ್ರ ನಿನ್ನೆಸರು ಬ್ಯಾಡ. ಎರಡೆರಡು ಹರಿತಾ ಆದ್ರೆ ಜನಕ್ಕೆ ತಲೆ ಕೆಡ್ತೈತೆ."

ಹರಿತಾ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮೇಜಿನ ಮೇಲಿಟ್ಟಳು.

"ನಿನ್ನೆಸರೇ ಅಂಗಡಿಗೆ ಇಟ್ಟವ್ರೆ, ಇನ್ನೇನ್ ಬೇಕಮ್ಮ?" ಎಂದ ಜಯರಾಮಪ್ಪ.

"ಅಂಗಡಿ ಅವರ್ದು ಅಣ್ಣ. ದನಿ ನಂದು. ಬೋರ್ಡಿಗೆ ನಂದೇನೂ ತಕರಾರಿಲ್ಲ, ಹರಿತಾ ಅನ್ನೋರು ಊರ್ ತುಂಬ ಅವ್ರೆ. ಕೊನೇಲಿ ನನ್ನೆಸರು ಇರ್ಬೇಕು. ಇಲ್ದಿದ್ರೆ ನಾನು ಹೇಳಾಕಿಲ್ಲ."

"ಹಂಗಾದ್ರೆ ಮೈಕಿಗೆ ಅಮೃತಾನ ಕರೆಸ್ತೀನಿ," ಎಂದ ಜಯರಾಮಪ್ಪ. " ನೀನು ನಾಳೆಯಿಂದ ಬರ್ಬ್ಯಾಡ."

ಹರಿತಾ ಚೀಲ ತೆಗೆದುಕೊಂಡಳು. ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ತಿಪ್ಪೇರುದ್ರಪ್ಪ ಗಂಟಲು ಸರಿಮಾಡಿಕೊಂಡ.

"ಇರಮ್ಮ. ಲೇ ಜಯರಾಮ, ಜನದ ಕಿವಿಗೆ ಹತ್ತಿರಾದು ಈ ದನಿ ಕಣ್ಲಾ. ಬ್ಯಾರೆಯವ್ಳನ್ನ ಕಟ್ಕಂಡು ನಾನೇನ್ ಮಾಡ್ಲಿ? ನಾಳೆ ಆಟೊ ಹೊರಡ್ಬೇಕು." ಮತ್ತೆ ಅವಳ ಕಡೆ ತಿರುಗಿದ. "ಆಯ್ತಮ್ಮ. ಅಂಗಡೀಗ್ ಬಂದೋರು ಹರಿತಾ ಎಲ್ಲಿ ಅಂದ್ರೆ ಏನ್ ಹೇಳ್ಲಿ? ಅದ್ನಾದ್ರೂ ಹೇಳ್ಕೊಡು."

"ಗೋರಂಟ್ಲದಾಗವ್ಳೆ ಅನ್ನಿ."

ತಿಪ್ಪೇರುದ್ರಪ್ಪ ನಕ್ಕುಬಿಟ್ಟ. ಜಯರಾಮಪ್ಪ ನಗಲಿಲ್ಲ, ಹೊಸ ಕ್ಯಾಸೆಟ್ಟಿನ ಮೇಲಿನ ಕಾಗದ ಹರಿದು ಮಷೀನಿಗೆ ಹಾಕಿದ.

ಹರಿತಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತಳು. ತೆಲುಗು ಮುಗಿಸಿದಳು, ಕನ್ನಡ ಮುಗಿಸಿದಳು, ಎಲ್ಲೂ ತಡವರಿಸಲಿಲ್ಲ. ಆಮೇಲೆ ಒಂದು ಉಸಿರು ಎಳೆದುಕೊಂಡು, ಗಾಜಿನಾಚೆ ನಿಂತಿದ್ದ ಜಯರಾಮಪ್ಪನನ್ನೇ ನೋಡುತ್ತ ಹೇಳಿದಳು: "ಮಾತಾಡಿದವರು, ಗೋರಂಟ್ಲ ಹರಿತಾ." ಮಷೀನು ನಿಲ್ಲಿಸುವ ಗುಂಡಿಯ ಮೇಲೆ ಮೊದಲೇ ಕಾದಿದ್ದ ಅವನ ಬೆರಳು ಆ ಹೆಸರು ಪೂರ್ತಿಯಾದ ಮೇಲೆಯೇ ಕೆಳಗಿಳಿಯಿತು.

ಶ್ರಾವಣದ ಮೊದಲ ಸೋಮವಾರ ಕಲ್ಯಾಣದುರ್ಗದಲ್ಲಿ ಹೊಸ ಬೋರ್ಡು ಏರಿತು. ಮೊದಲ ಗಿರಾಕಿ ಹಳ್ಳಿಯಿಂದ ಬಂದ ಹೆಂಗಸು, ಹೊಸ್ತಿಲ ಹೊರಗೆ ನಿಂತು, "ಗೋರಂಟ್ಲ ಹರಿತಾ ಅವ್ರ ಅಂಗಡಿ ಇದೇ ಏನಪ್ಪ?" ಎಂದು ಕೇಳಿದಳು.

ತಿಪ್ಪೇರುದ್ರಪ್ಪ ಹೌದೆಂದು ಹೇಳಿ, ಸೀರೆಯ ಮಡಿಕೆ ಬಿಚ್ಚಿ ಹಾಸಿದ.