ತಾರಸಿಯ ಬಕೆಟ್ಟು

ಕಳ್ಳ ಮತ್ತೆ ಬಕೆಟ್ಟು ತೊಳೆಯುತ್ತಿದ್ದ.

ಟೈಲರಕ್ಕ ನೀರಿನ ಟ್ಯಾಂಕಿನ ಮರೆಯಿಂದ ಇಣುಕಿದಳು. ತನ್ನದೇ ತಾರಸಿಯಲ್ಲಿ ತಾನೇ ಅವಿತುಕೊಳ್ಳುವ ಗತಿ. ಆ ಬಕೆಟ್ಟನ್ನು ಅಲ್ಲಿ ಕೂರಿಸಿದವರು ಪರಿಸರ ಕಚೇರಿಯವರು. ಮಳೆಯಿಲ್ಲದಾಗ ಗಾಳಿಯಿಂದ ಎಷ್ಟು ವಿಷ ನೆಲಕ್ಕಿಳಿಯುತ್ತದೆ ಎಂದು ಅಳೆಯಲು. ಹನಿ ಬಿದ್ದರೆ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಳತೆ ಮಿತಿ ದಾಟಿದರೆ ಪಕ್ಕದ ಸೀಸ ಕರಗಿಸುವ ಕಾರ್ಖಾನೆಗೆ ಬೀಗ. ಇಲ್ಲದಿದ್ದರೆ ಎರಡನೇ ಚಿಮಣಿ. ಒಂದೇ ಚಿಮಣಿಗೆ ಅವಳ ಮಗಳ ಎದೆ ಹಗಲೂ ರಾತ್ರಿ ಸಿಳ್ಳೆ ಹಾಕುತ್ತಿತ್ತು.

ಕಚೇರಿಯ ಈ ಬಕೆಟ್ಟಿನವನು ಪ್ರತಿ ಮಂಗಳವಾರ ಬರುತ್ತಿದ್ದ. ಕೈಗವಸು ತೊಟ್ಟು, ತಂದ ನೀರು ಸುರಿದು, ಒಳಮೈಯನ್ನೆಲ್ಲ ಉಜ್ಜಿ, ಕೊಳೆ ನೀರನ್ನೂ ಒಂದು ತೊಟ್ಟು ಬಿಡದೆ ಬಾಟಲಿಗೆ ಬಗ್ಗಿಸಿಕೊಂಡು ಹೋಗುತ್ತಿದ್ದ. ಕುರುಹೇ ಉಳಿಯಬಾರದು ನೋಡಿ. ಹೋಗುವಾಗ ಕಾರ್ಖಾನೆಯ ಕಾವಲುಗಾರನ ಜೊತೆ ಚಹಾ ಬೇರೆ. ಅವಳ ಮೈಯೆಲ್ಲ ಉರಿಯಿತು.

ಬಾಯಿ ಮಾಡೋಣವೆಂದರೆ ಸಾಕ್ಷಿಯಿಲ್ಲ. ಮುಂದಿನ ಮಂಗಳವಾರ ಅವನು ಬರುವ ಮೊದಲೇ ಅವಳು ತಾರಸಿ ಹತ್ತಿದಳು. ಹೊಲಿಗೆ ಯಂತ್ರದ ಬ್ರಷ್ಷಿನಿಂದ ಬೂದು ಧೂಳನ್ನೆಲ್ಲ ಗುಂಡಿ ಡಬ್ಬಿಗೆ ಬಳಿದುಕೊಂಡಳು. ಹೀಗೇ ಎಂಟು ವಾರ.

ಬಕೆಟ್ಟಿನೊಳಗೆ ಬಗ್ಗಿ ನೋಡಿದವನ ಮುಖ ಸಪ್ಪಗಾಗಿತ್ತು. ಅವಳಿಗೆ ಹೊಟ್ಟೆ ತಣ್ಣಗಾಯಿತು.

“ಅಕ್ಕ, ಇದನ್ನ ಯಾರಾದ್ರೂ ಮುಟ್ತಾರಾ?”

“ನಮಗ್ಯಾಕಪ್ಪಾ ನಿಮ್ಮ ಬಕೆಟ್ಟಿನ ಉಸಾಬರಿ?”

ಅವನು ತಲೆ ಕೆರೆದುಕೊಂಡ. ಆದರೂ ಬಿಡದೆ ತೊಳೆದು, ತಿಳಿನೀರನ್ನೇ ಬಾಟಲಿಗೆ ತುಂಬಿಕೊಂಡು ಹೋದ. ನಾಟಕ ಅಂದರೆ ಇದು ಎಂದುಕೊಂಡಳು.

ಕಾರ್ಖಾನೆಯ ವಿಚಾರಣೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿ ವರದಿ ಓದಿದರು. ಮೊದಲ ಎರಡು ವಾರ ಬಿಟ್ಟರೆ ಟೈಲರಕ್ಕನ ತಾರಸಿಯಲ್ಲಿ ಸೀಸ ಇಲ್ಲವೇ ಇಲ್ಲ. ಸರಾಸರಿ ಮಿತಿಯೊಳಗಿದೆ. ಎರಡನೇ ಚಿಮಣಿಗೆ ಅಡ್ಡಿಯಿಲ್ಲ.

ಟೈಲರಕ್ಕ ಎದ್ದು ಹೋಗಿ ಮೇಜಿನ ಮೇಲೆ ಡಬ್ಬಿ ಕುಕ್ಕಿದಳು.

“ಸೀಸ ಇಲ್ಲಿದೆ ಸಾರ್. ನಿಮ್ಮೋನು ವಾರ ವಾರ ಬಂದು ತೊಳೆದು ಹಾಕ್ತಿದ್ದ. ಅವನ ಕೈಗೆ ಸಿಗೋಕೆ ಮುಂಚೆ ನಾನೇ ತೆಗೆದಿಟ್ಟೆ. ಒಂದು ಚಿಟಿಕೆ ಬಿಟ್ಟಿಲ್ಲ.”

ಅಧಿಕಾರಿ ಡಬ್ಬಿಯನ್ನು ಮುಟ್ಟಲಿಲ್ಲ. “ಸೀಲ್ ಇಲ್ಲದ್ದು ಸಾಕ್ಷಿ ಆಗಲ್ಲಮ್ಮ.”

ಹಿಂದಿನ ಸಾಲಿನಲ್ಲಿ ಬಕೆಟ್ಟಿನವನು ಎದ್ದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

“ಅಕ್ಕ,” ಎಂದ, “ಆ ತೊಳೆದ ನೀರನ್ನೇ ನಾವು ಪರೀಕ್ಷೆ ಮಾಡೋದು.”