ಗುರವ್ವನ ಸಾಕ್ಷಿ

"ಗುರವ್ವನ್ನ ಒಳಗ ಕರೀರಿ" ಎಂದು ಸಬ್ ಇನ್‌ಸ್ಪೆಕ್ಟರ್ ಹೇಳಿದ್ದೇ ಪ್ರಭುದಾಸ ಕೂತ ಬೆಂಚಿನ ಅಂಚು ಹಿಡಿದುಕೊಂಡ.

ಅಲ್ಲಿಯವರೆಗೆ ಅವನು ಗಟ್ಟಿಯಾಗಿಯೇ ಕೂತಿದ್ದ. ತಿರ್ಲಾಪುರದ ಪುಟ್ಟ ಲೂಥರನ್ ಕ್ರೈಸ್ತ ಸಭೆಗೆ ಅವನು ಪಾದ್ರಿ. ಆಸೆ ತೋರಿಸಿ ಊರವರನ್ನು ಮತಾಂತರ ಮಾಡುತ್ತಿದ್ದಾನೆಂದು ಯಾರೋ ಅರ್ಜಿ ಕೊಟ್ಟಿದ್ದರು. ಬೆಳಿಗ್ಗೆಯಿಂದ ಠಾಣೆಯ ಗೋಡೆಗೂ ಪೇದೆಯ ಮೇಜಿಗೂ ನಡುವಿನ ಬೆಂಚಿನಲ್ಲಿ ಸಿಕ್ಕಿಕೊಂಡಿದ್ದ. ಏಳಬೇಕೆಂದರೆ ಮೇಜು ಸರಿಸಬೇಕು. ಮೇಜು ಸರಿಸಲು ಪೇದೆಯನ್ನು ಕೇಳಬೇಕು.

ಮೊದಲು ಚಹಾದಂಗಡಿಯ ನಿಯಾಜ್ ಹೇಳಿಕೆ ಕೊಟ್ಟಿದ್ದ. ಪಾದ್ರಿ ದಿನವೂ ತನ್ನ ಅಂಗಡಿಗೆ ಬರುತ್ತಾರೆ, ಹೆಸರುಕಾಳಿನ ರೇಟು, ಕ್ರಿಕೆಟ್ಟು ಬಿಟ್ಟರೆ ಬೇರೆ ಮಾತಾಡುವುದಿಲ್ಲ, ಯಮನೂರು ದರ್ಗಾಕ್ಕೂ ತನ್ನ ಜೊತೆ ಬಂದಿದ್ದಾರೆ ಎಂದಿದ್ದ. ಅವನ ಮಾತಿಗೆ ಪ್ರಭುದಾಸ ಹೆದರಿರಲಿಲ್ಲ. ಅರ್ಜಿ ಕೊಟ್ಟವರಿಗೂ ಹೆದರಿರಲಿಲ್ಲ. ಹೆದರಿದ್ದು ಗುರವ್ವನಿಗೆ.

ಗುರವ್ವ ಪಕ್ಕದ ಮನೆಯವಳು. ಹೋದ ವರ್ಷ ಅವಳ ಗಂಡ ಶಂಕ್ರಪ್ಪ ಕ್ಯಾನ್ಸರ್ ಆಗಿ ಹಾಸಿಗೆ ಹಿಡಿದಾಗ ಪ್ರಭುದಾಸ ಪ್ರತಿ ಸಂಜೆ ಆ ಮನೆಯಲ್ಲಿ ಕೂತಿದ್ದ. ಅಲ್ಲಿ ಏನು ಮಾತಾಯಿತೆಂಬುದು ಗೊತ್ತಿದ್ದದ್ದು ಮೂವರಿಗೆ. ಅವರಲ್ಲಿ ಒಬ್ಬ ತೀರಿಕೊಂಡಿದ್ದ.

ಮುದುಕಿ ಸೆರಗು ಸರಿಮಾಡಿಕೊಂಡು ಬಂದು ನಿಂತಳು. ಹಣೆಯ ತುಂಬ ವಿಭೂತಿ. ಗಂಡನ ಕಾಯಿಲೆಯ ಹೊತ್ತಿನಲ್ಲಿ ಈ ಪಾದ್ರಿ ತನ್ನ ಧರ್ಮದ ವಿಚಾರ ತೆಗೆದಿದ್ದನೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವಳು ಪ್ರಭುದಾಸನ ಕಡೆ ತಿರುಗಿದಳು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು.

"ಇಲ್ರಿ ಸಾಹೇಬ್ರ. ದಿನಾ ಬರ್ತಿದ್ರು. ಕಾಲು ಒತ್ತಿದ್ರು, ಗಂಜಿ ಕುಡಿಸಿದ್ರು. ತಮ್ಮ ದೇವರ ಹೆಸರು ಮಾತ್ರ ಒಂದ್ ಸಲಾನೂ ಎತ್ತಲಿಲ್ಲ."

"ಆಣಿ ಮಾಡಿ ಹೇಳ್ತೀಯೇನಬೇ?"

ಗುರವ್ವ ಕೊರಳಿನ ಲಿಂಗಕ್ಕೆ ಕೈ ಹಚ್ಚಿದಳು. "ಇದನ್ನ ಮುಟ್ಟಿ ಹೇಳ್ತೀನ್ರಿ."

ಪ್ರಭುದಾಸನ ತಲೆ ಬಾಗಿತು. ಮತ್ತೆ ಎತ್ತಲಾಗಲಿಲ್ಲ. ಅರ್ಜಿ ಅಲ್ಲಿಗೇ ಮುಗಿಯಿತು. ಮೇಜು ಸರಿಸಿ ದಾರಿ ಬಿಟ್ಟ ಪೇದೆ, ಇಂಥ ನೆರೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕೆಂದು ಬೆನ್ನು ತಟ್ಟಿದ.

ಊರಿಗೆ ಹೋಗುವ ಟೆಂಪೊದಲ್ಲಿ ಪ್ರಭುದಾಸ ಮೆಲ್ಲಗೆ, ನಿನಗೆ ತ್ರಾಸು ಕೊಟ್ಟೆನಲ್ಲ ಅವ್ವಾ ಎಂದ. ಗುರವ್ವ ಹತ್ತಿಹೊಲದ ಕಡೆಗಿದ್ದ ಮುಖ ತಿರುಗಿಸಲಿಲ್ಲ.

"ಕೇಳಿದ್ರು, ಹೇಳಿದೆ" ಎಂದಳು. ಅಷ್ಟೇ.

ಹೆಂಡತಿ ರಾಹೇಲಳಿಗೆ ಸಂತೋಷ ತಡೆಯಲಾಗಲಿಲ್ಲ. ಲಿಂಗಾಯತರ ಮುದುಕಿ ತನ್ನ ಗಂಡನನ್ನು ಉಳಿಸಲು ಲಿಂಗ ಮುಟ್ಟಿ ಸುಳ್ಳು ಹೇಳಿದಳೆಂದು ಹುಬ್ಬಳ್ಳಿಯ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ತನ್ನ ಸಭೆಯಲ್ಲಿ ಹೇಳಿದಳು. ಸುದ್ದಿ ಅಣ್ಣಿಗೇರಿ ದಾಟಿ, ಕಲಘಟಗಿ ದಾಟಿ, ಕೊನೆಗೆ ಲೂಥರನ್ ಸಭೆಗಳ ಅಧ್ಯಕ್ಷರ ಕಿವಿಗೂ ಬಿತ್ತು. ಅವರು ತಾವೇ ಫೋನು ಮಾಡಿದರು. ಅಳ್ನಾವರದಲ್ಲಿ ಪಾದ್ರಿಗಳ ಕೂಟವಿದೆ, ದೇವರ ವಾಕ್ಯದ ಮೇಲೆ ಪ್ರಸಂಗ ನೀವೇ ಮಾಡಬೇಕು ಎಂದರು.

"ನಮ್ಮ ಪಾದ್ರಿಗಳು ಇಂಥಾ ಅರ್ಜಿಗೆ ಅಂಜಿಬಿಟ್ಟಾರ. ಸಾಕ್ಷಿ, ಪಶ್ಚಾತ್ತಾಪ ಅನ್ನೂ ಶಬ್ದಾನ ಬಾಯಾಗ ಬರವಲ್ವು. ನೀವು ಬಂದು ಪಶ್ಚಾತ್ತಾಪದ ಮ್ಯಾಲೇ ಮಾತಾಡಿ ಧೈರ್ಯಾ ಹೇಳ್ರಿ."

ಪ್ರಭುದಾಸ ಜ್ವರವೆಂದ. ಅವನಿಗಾಗಿ ಪ್ರಾರ್ಥನೆ ಮಾಡಿಸಿದರು. ತನಗೆ ಯೋಗ್ಯತೆ ಇಲ್ಲವೆಂದ. ಎಂಥ ವಿನಯ ಎಂದರು. ಹಾಕಿದ ಅಡ್ಡಗಾಲೆಲ್ಲ ಅವನ ಕೊರಳಿಗೇ ಹಾರವಾಗಿ ಬಿತ್ತು. ರಾಹೇಲ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕಿ ಕಳಿಸಿದಳು.

ಅಳ್ನಾವರದ ಸಭಾಮಂದಿರದಲ್ಲಿ ರೈಲಿನ ಸದ್ದು ಬರಬಾರದೆಂದು ಕಿಟಕಿ ಬಾಗಿಲು ಮುಚ್ಚಿದ್ದರು. ಅವನನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದರು. ಎಡಬಲಕ್ಕೂ ಬೆನ್ನಿಗೂ ಪಾದ್ರಿಗಳು. ಪಕ್ಕದಲ್ಲಿದ್ದ ಕಲಘಟಗಿಯ ಪಾದ್ರಿ ಸಮರ್ಥ ಅವನ ಕೈ ಹಿಡಿದುಕೊಂಡ. ಹೆದರಿಕೆಗೆ ಈ ಕೆಲಸವೇ ಬೇಡವೆಂದು ರಾಜೀನಾಮೆಗೆ ಸಿದ್ಧನಾಗಿದ್ದನಂತೆ. ಈ ಸುದ್ದಿ ಕೇಳಿ ಉಳಿದನಂತೆ.

"ನಿಮ್ಮನ್ನ ನೋಡೇ ನಿಂತೀನ್ರಿ" ಎಂದ.

ಪ್ರಭುದಾಸನಿಗೆ ಆ ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಅಧ್ಯಕ್ಷರು ಎದ್ದು ಅವನ ಪರಿಚಯ ಮಾಡಿದರು. ನಮ್ಮವಳಲ್ಲದ ಹೆಂಗಸು ತಾನು ನಂಬಿದ ದೇವರನ್ನೇ ಮುಟ್ಟಿ ಸುಳ್ಳಾಡಿ ಒಬ್ಬ ಪಾದ್ರಿಯನ್ನು ಕಾಪಾಡಿದಳೆಂದರೆ ಅವನು ಆ ಮನೆಯಲ್ಲಿ ನಮ್ಮ ದೇವರ ಬಗ್ಗೆ ಎಂಥ ಸಾಕ್ಷಿ ಹೇಳಿರಬೇಕು ಎಂದು ಕೇಳಿದರು. ಕೆಲವರು ಕಣ್ಣೊರೆಸಿಕೊಂಡರು.

ಪ್ರಭುದಾಸ ವೇದಿಕೆ ಹತ್ತಿದ. ಇಲ್ಲಿಂದ ಇಳಿಯುವ ಸುಲಭ ದಾರಿ ಒಂದಿತ್ತು. ಅದಕ್ಕೆ ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಅವರು ನಂಬಿದ್ದನ್ನು ನಂಬಲು ಬಿಟ್ಟು ಬೈಬಲ್ಲಿನ ಎರಡು ವಚನ ಓದಿ ಆಶೀರ್ವಾದ ಹೇಳಿದರೆ ಸಾಕಿತ್ತು. ಅವನು ಸಮರ್ಥನ ಮುಖ ನೋಡಿದ.

"ಪಶ್ಚಾತ್ತಾಪದ ಮ್ಯಾಲೆ ಪ್ರಸಂಗ ಮಾಡ್ರಿ ಅಂದೀರಿ" ಎಂದ. "ಸಾಯೂ ಹಿಂದಿನ ದಿನಾ ಶಂಕ್ರಪ್ಪ ನನ್ನ ಕೈ ಹಿಡಕೊಂಡ. ಪಾದ್ರಿಯವ್ರ, ನನಗ ಅಂಜಿಕಿ ಬರಾಕತ್ತೈತಿ, ಸತ್ತ ಮ್ಯಾಲೆ ಏನೈತಿ, ನಿಮ್ಮ ದೇವರು ಏನಂತಾನ ಹೇಳ್ರಿ ಅಂದ. ಗುರವ್ವನೂ ಕೇಳಬೇಕಂತ ಬಂದು ಬಾಜೂಕ ಕುಂತ್ಲು. ನಾಳೆ ಊರಾಗ ಯಾರರೆ ಏನರೆ ಅಂದಾರು ಅಂತ ನನಗ ಅಂಜಿಕಿ. ಗುಳಿಗಿ ತಗೋರಿ, ಆರಾಮ ಆಗತೈತಿ ಅಂತ ಹೇಳಿ ಎದ್ದು ಬಂದೆ."

ಪ್ರಭುದಾಸ ಅಧ್ಯಕ್ಷರ ಕಡೆ ತಿರುಗಿದ.

"ಗುರವ್ವ ಠಾಣೆಯಾಗ ಸುಳ್ಳು ಹೇಳಿಲ್ರಿ."