ಖಾಲಿ ಮಾಡದ ಕೆಪಾಸಿಟರ್

ಕಿರಿಸೊಸೆಯ ಬೆರಳುಗಳು ರಿಪೇರಿಗೆ ಬಂದ ಮೈಕ್ರೋವೇವ್ ಓವನ್ನಿನ ಕೆಪಾಸಿಟರ್ ಕಡೆಗೆ ಹೋಗುವುದನ್ನು ಹಿರಿಸೊಸೆ ನೋಡಿದಳು. ನೋಡಿಯೂ ಸುಮ್ಮನಿದ್ದಳು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನ ಆ ಪುಟ್ಟ ಡಬ್ಬಿಯೊಳಗೆ ಕರೆಂಟು ಹಾಗೇ ಕೂತಿರುತ್ತದೆ. ಬರಿಗೈಲಿ ಮುಟ್ಟಿದರೆ ಒಂದೇ ಏಟಿಗೆ ಮೈಯೊಳಗೆ ಹರಿದುಬಿಡುತ್ತದೆ, ಜೀವವನ್ನೂ ತೆಗೆಯಬಹುದು. ಅದನ್ನು ಖಾಲಿ ಮಾಡಿ ಓವನ್ನನ್ನು ಕಿರಿಯವಳ ಬೆಂಚಿಗೆ ದಾಟಿಸುವುದು ಹಿರಿಯವಳ ಕೆಲಸ. ಇವತ್ತು ಇದೊಂದನ್ನು ಮರೆತಿದ್ದಳು.

ಮರೆಸಿದ್ದು ಮಾವನ ಮಾತು. "ಇವಳು ಬಂದ ಮೇಲೇ ನಮ್ಮ ಅಂಗಡಿಗೆ ಕಳೆ ಬಂದಿದ್ದು" ಎಂದು ಅವರು ಗಿರಾಕಿಯ ಮುಂದೆ ಕಿರಿಯವಳನ್ನು ಹೊಗಳಿದ್ದರು. ಇಷ್ಟು ವರ್ಷ ಅದೇ ಅಂಗಡಿಯಲ್ಲಿ ಬೆಸುಗೆ ಹಾಕಿ ಬೆರಳು ಸುಟ್ಟುಕೊಂಡವಳು ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡಿದ್ದಳು. ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ.

ಕಿರಿಯವಳು ತಲೆಯೆತ್ತಿದಳು. "ಖಾಲಿ ಮಾಡಿದ್ದೀರಲ್ಲಾ ಅಕ್ಕ?" ಎಂದು ಕೇಳಿ ತಾನೇ ನಕ್ಕಳು. "ಕೇಳಿದ್ದೇ ತಪ್ಪು. ನೀವು ಕೊಟ್ಟಿದ್ದನ್ನ ನಾನು ಯಾವತ್ತು ಚೆಕ್ ಮಾಡಿದೀನಿ?"

ಹಿರಿಯವಳು ಥಟ್ಟನೆ ಅವಳ ಕೈಯನ್ನು ಆಚೆ ತಳ್ಳಿ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ಕೆಪಾಸಿಟರಿನ ಎರಡೂ ಕಡ್ಡಿಗಳಿಗೆ ತಾಗುವಂತೆ ಅಡ್ಡ ಇಟ್ಟಳು. ಫಟ್ಟೆಂದು ಕಿಡಿ ಹಾರಿತು.

"ಮರೆತುಹೋಗಿತ್ತು ಕಣೇ" ಅಂದಳು.

"ನಾನು ಕೈ ಹಾಕುವಾಗ ನೀವು ನೋಡ್ತಾನೇ ಇದ್ರಿ."

ಕಿರಿಯವಳು ಹಿರಿಯವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಮುಂದಿನ ಓವನ್ನಿನ ಕೆಪಾಸಿಟರಿಗೆ ತಾನೇ ಮುಟ್ಟಿಸಿದಳು. ಅದನ್ನು ಹಿರಿಯವಳು ಬೆಳಿಗ್ಗೆಯೇ ಖಾಲಿ ಮಾಡಿದ್ದಳು; ಕಿಡಿ ಬರಲಿಲ್ಲ. ಆದರೂ ಕಿರಿಯವಳು ಇನ್ನೊಮ್ಮೆ ಮುಟ್ಟಿಸಿ ನೋಡಿದಳು.